ಟೈಫಾಯ್ಡ್ ಎಂದು ಹೇಳಿಕೊಂಡ ಜ್ವರ

ನನಗೆ ಬಂದ ಜ್ವರಕ್ಕೆ ಆಸ್ಪತ್ರೆಯಲ್ಲಿ ಒಂದು ಹೆಸರು, ನಮ್ಮ ಬೀದಿಯಲ್ಲಿ ಇನ್ನೊಂದು. ಆಸ್ಪತ್ರೆಯವರು ಎಚ್‌ ಒನ್‌ ಎನ್‌ ಒನ್‌ ಎಂದರು. ಪೇಪರಿನವರು ಹಂದಿ ಜ್ವರ ಎಂದರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನಮ್ಮ ಮನೆಯ ಅಕ್ಕಪಕ್ಕದಲ್ಲಿ ಮಾತ್ರ ಅದು ಟೈಫಾಯ್ಡ್ ಆಗಿ ಉಳಿಯಿತು. ನಾನು ಗುಣವಾಗಿ ಎದ್ದು ಓಡಾಡುತ್ತಿದ್ದೇನೆ, ಅದಕ್ಕೆ ಶಿವನಿಗೆ ಶರಣು. ಆದರೆ ಬೀದಿಗೆ ಹೇಳಿದ ಆ ಹೆಸರು ನಮ್ಮ ಮನೆಗೆ ಮಾಡಿದ್ದನ್ನು ಯಾವ ಮಾತ್ರೆಯೂ ವಾಸಿಮಾಡಲಿಲ್ಲ. ಇಂಥದ್ದೇ ಹೆಸರು ಬದಲಿಸಿದ ಕಾಯಿಲೆ ನಿಮ್ಮ ಮನೆಯಲ್ಲೂ ಇದ್ದರೆ, ನೀವೊಬ್ಬರೇ ಅಲ್ಲ ಎನ್ನುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪಾತ್ರೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಯಜಮಾನರು ಚಂದ್ರಶೇಖರ, ಅತ್ತೆ ಪಾರ್ವತಮ್ಮ, ನಾನು. ನಾದಿನಿ ವಾಣಿಯನ್ನು ಹೊಳೆಹೊನ್ನೂರಿಗೆ ಕೊಟ್ಟಿತ್ತು. ಅವಳ ಗಂಡ ಮಂಜುನಾಥ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕದ ಮನೆ ನಮ್ಮದು. ಬೇಕರಿಯಿಂದ ಒಂದು ಬನ್ನು ತರಬೇಕಾದರೂ ಅತ್ತೆ, "ಇದ್ರೊಳಗೆ ಮೊಟ್ಟೆ ಹಾಕಿಲ್ಲ ತಾನೇ?" ಎಂದು ಕೇಳದೆ ಕೈಗೆ ತೆಗೆದುಕೊಂಡವರಲ್ಲ. ಕೊನೆಕೊನೆಗೆ ಬೇಕರಿಯವನು ಅವರನ್ನು ದೂರದಲ್ಲಿ ಕಂಡ ಕೂಡಲೇ ಇಲ್ಲ ಎಂದು ತಲೆಯಾಡಿಸಲು ಶುರುಮಾಡಿದ್ದ.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಟೀವಿಯಲ್ಲಿ ಪುಣೆಯ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವುದನ್ನು ತೋರಿಸುತ್ತಿದ್ದರು. ನಮ್ಮ ಬಜಾರಿನಲ್ಲೂ ಕರ್ಪೂರ, ಏಲಕ್ಕಿ ಕಟ್ಟಿದ ಪುಟ್ಟ ಗಂಟುಗಳನ್ನು ಜನ ಮೂಸುತ್ತಾ ತಿರುಗುತ್ತಿದ್ದರು. ಅತ್ತೆಗೆ ಮಾತ್ರ ಯಾವ ಆತಂಕವೂ ಇರಲಿಲ್ಲ. "ಅದನ್ನ ತಿನ್ನೋರಿಗೆ ಬರುತ್ತೆ. ನಮಗ್ಯಾಕೆ ಬರುತ್ತೆ?" ಎಂದು ಅವರು ನೆಮ್ಮದಿಯಾಗಿ ಹೂ ಕಟ್ಟುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಕಾಯಿಲೆಗೆ ಆ ಹೆಸರಿಟ್ಟವರು ಯಾರೋ, ನಮ್ಮಂಥವರಿಗೆಲ್ಲ ಅದರಿಂದ ಸುಳ್ಳು ಧೈರ್ಯ ಬಂದಿತ್ತು.

ನನಗೆ ಮೊದಲು ಬಂದದ್ದು ಬರೀ ಮೈಕೈ ನೋವು. ಆಮೇಲೆ ಜ್ವರ. ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಿತು, ಮತ್ತೆ ಏರಿತು. ಒಂದು ದಿನ ಅಟ್ಟದಿಂದ ಸ್ಟೀಲ್ ಡಬರಿ ಇಳಿಸಲು ಏಣಿ ಹತ್ತಿದವಳು ಅರ್ಧದಲ್ಲೇ ನಿಂತುಬಿಟ್ಟೆ. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಕೆಳಗಿದ್ದ ಗಿರಾಕಿ, "ಬೇಗ ಕೊಡ್ರೀ ಅಕ್ಕ" ಅನ್ನುತ್ತಿದ್ದಳು. ಅವಳ ಮುಖ ಕಾಣುತ್ತಿತ್ತು, ಮಾತು ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಯಜಮಾನರು ನನ್ನನ್ನು ಇಳಿಸಿಕೊಂಡು ಬಾಡಿಗೆ ಕಾರಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಉದ್ದನೆಯ ಬೆಂಚಿನ ಮೇಲೆ ಜನ ಒತ್ತೊತ್ತಾಗಿ ಕುಳಿತಿದ್ದರು. ಒಬ್ಬ ಅಜ್ಜಿ ಸರಿದು ನನಗೆ ಜಾಗ ಮಾಡಿಕೊಟ್ಟರು, ಎಲ್ಲಿಯವಳು, ಎಷ್ಟು ಮಕ್ಕಳು ಎಂದು ವಿಚಾರಿಸಿದರು. ಇನ್ನೂ ಆಗಿಲ್ಲ ಎಂದೆ. "ಆಗ್ತವೆ ಬಿಡವ್ವ" ಎಂದು ಮೊಣಕಾಲು ತಟ್ಟಿದರು. ಅಷ್ಟರಲ್ಲಿ ಡಾಕ್ಟರು ಬಾಗಿಲಿನಿಂದಲೇ ನರ್ಸಿಗೆ, "ಇವರಿಗೆ ಮಾಸ್ಕ್ ಹಾಕಿ, ಗಂಟಲ ಸ್ವಾಬ್ ತಗೊಂಡು ಐಸೋಲೇಷನ್ನಿಗೆ ಕಳಿಸಿ" ಎಂದರು. ನಾನು ಮಾಸ್ಕ್ ಕಟ್ಟಿಕೊಂಡು ತಿರುಗಿ ನೋಡುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಅಜ್ಜಿ ಎದುರು ಗೋಡೆಯ ಹತ್ತಿರ ನಿಂತು, ನನ್ನ ಮೊಣಕಾಲು ತಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು.

ಎಕ್ಸ್‌ರೇ ತೆಗೆಯುವಾಗ ಕೊರಳಲ್ಲಿ ಏನೂ ಇರಬಾರದು ಎಂದರು. ತಾಳಿ ಬಿಚ್ಚಿ ಕೊಟ್ಟೆ. ಶಿವದಾರವನ್ನು ಮಾತ್ರ ಕೊಡಲು ಮನಸ್ಸಾಗದೆ, ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೇ ನಿಂತೆ. ಮದುವೆಗೆ ಮುಂಚಿನಿಂದಲೂ ಅದು ನನ್ನ ಎದೆಯ ಮೇಲೆ ಇಲ್ಲದ ದಿನವಿರಲಿಲ್ಲ.

ಬೆಂಗಳೂರಿನಿಂದ ರಿಪೋರ್ಟ್ ಬರುವ ತನಕದ ಕಾಯುವಿಕೆಯ ಬಗ್ಗೆ ಹೇಳಿದರೆ ಅನುಭವಿಸಿದವರಿಗಷ್ಟೇ ಗೊತ್ತಾದೀತು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಬರುವವರ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಸತ್ತರೆ ಮುಟ್ಟುವವರು ಯಾರು ಎಂಬ ಯೋಚನೆ ಬೆಳಗಿನಿಂದ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಸೆಲ್ವಿಯಮ್ಮ ಎಂಬ ಆಯಾ ಒಬ್ಬರೇ ಹತ್ತಿರ ಬಂದು ಕೂರುತ್ತಿದ್ದವರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ತಮಿಳರ ಹೆಂಗಸು. ನಾನು ಗಾಬರಿಯಿಂದ ಗಬಗಬ ಉಸಿರೆಳೆಯುವಾಗ ಬೆನ್ನ ಮೇಲೆ ಕೈಯಿಟ್ಟು, "ಎಳೀಬೇಡ ಕಣಮ್ಮ, ಬಿಡು. ನಿಧಾನಕ್ಕೆ ಬಿಡು. ಬಿಟ್ರೆ ತಾನಾಗೇ ಬರುತ್ತೆ" ಅನ್ನುತ್ತಿದ್ದರು. ಯಜಮಾನರನ್ನು ಒಳಗೆ ಬಿಡುತ್ತಿರಲಿಲ್ಲ. ಅವರು ಕಿಟಕಿಯ ಕೆಳಗೆ ಬಂದು ಸ್ಕೂಟರಿನ ಹಾರ್ನ್ ಬಾರಿಸಿ ಹೋಗುತ್ತಿದ್ದರು. ಆ ಹಳೇ ಸ್ಕೂಟರಿನ ಗೊಗ್ಗರು ಹಾರ್ನನ್ನು ಅಂಗಡಿಯಲ್ಲಿ ಎಷ್ಟು ಆಡಿಕೊಂಡಿದ್ದೆನೋ, ಅಲ್ಲಿ ಅದಕ್ಕಾಗಿ ಕಿವಿ ಇಟ್ಟುಕೊಂಡೇ ಮಲಗಿರುತ್ತಿದ್ದೆ.

ರಿಪೋರ್ಟಿನಲ್ಲಿ ಅದೇ ಎಂದು ಬಂತು. ಮಾತ್ರೆ ನುಂಗಿದೆ, ಆಮ್ಲಜನಕ ಹಾಕಿಸಿಕೊಂಡೆ, ಉಳಿದೆ.

ಮನೆಗೆ ಬಂದಾಗ ಹೊಸಿಲಿನಿಂದ ಬಚ್ಚಲ ತನಕ ಗೋಮೂತ್ರ ಹಾಕಿ ತೊಳೆದಿತ್ತು. ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿ, ರಾಗಿ ಗಂಜಿಯನ್ನು ತಾವೇ ಕೈಯಾರೆ ಕುಡಿಸಿದರು. ಅವರ ಅಂತಃಕರಣಕ್ಕೆ ಯಾವತ್ತೂ ಕೊರತೆ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಜಿಯ ಲೋಟ ಖಾಲಿಯಾದ ಮೇಲೆ ಮೆಲ್ಲಗೆ ಹೇಳಿದರು: "ಬೀದಿಯೋರಿಗೆ ಟೈಫಾಯ್ಡ್ ಅಂತ ಹೇಳಿದೀನಿ, ಗಿರಿಜಾ. ನೀನೂ ಹಂಗೇ ಹೇಳು. ಆ ಪ್ರಾಣಿ ಹೆಸರು ನಮ್ಮನೇಲಿ ಬೇಡ. ಗೊತ್ತಾದ್ರೆ ನಮ್ಮ ಅಂಗಡೀಲಿ ಉಣ್ಣೋ ತಟ್ಟೆ ಯಾರು ತಗೊಳ್ತಾರೆ?"

"ವಾಣಿಗೆ?" ಎಂದೆ.

"ಅವಳಿಗೂ ಅಷ್ಟೇ. ಬೀಗರ ಮನೇಲಿ ಬಾಯಿಗೆ ಬೀಗ ಇಲ್ಲ."

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಖಾಲಿಯಾದ ಆ ಬೆಂಚು ಕಣ್ಣ ಮುಂದೆಯೇ ಇತ್ತು. ಟೈಫಾಯ್ಡ್ ಮರ್ಯಾದಸ್ಥರ ಕಾಯಿಲೆ. ಅದಕ್ಕೆ ಎಲ್ಲರೂ ಬಂದು ಮಾತನಾಡಿಸಿ, ಮೋಸಂಬಿ ಕೊಟ್ಟು ಹೋಗುತ್ತಾರೆ. ಪಕ್ಕದ ಮನೆ ಸರೋಜಕ್ಕ ಬಂದು ಹಾಸಿಗೆಯ ಮೇಲೇ ಕುಳಿತು, ತಮ್ಮ ತಮ್ಮನಿಗೆ ಟೈಫಾಯ್ಡ್ ಬಂದಾಗ ಕೂದಲೆಲ್ಲ ಉದುರಿದ್ದನ್ನು ವಿಸ್ತಾರವಾಗಿ ಹೇಳಿದರು. ನಾನು ಹೂಂಗುಟ್ಟಿದೆ.

ಮಾರನೆಯ ವರ್ಷ ವಾಣಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಮಳೆ ಹಿಡಿದಿತ್ತು. ಜ್ವರದ ಸುದ್ದಿ ಮತ್ತೆ ಪೇಪರಿನಲ್ಲಿ ಬರತೊಡಗಿತ್ತು. ಅವಳನ್ನು ತೋರಿಸುತ್ತಿದ್ದುದು ಶಿವಮೊಗ್ಗದ ಸವಳಂಗ ರಸ್ತೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿಯ ಲೇಡಿ ಡಾಕ್ಟರು, "ಈ ಜ್ವರ ಬಸುರಿಯರಿಗೆ ಜೋರಾಗಿ ಬರುತ್ತೆ. ಲಸಿಕೆ ಬಂದಿದೆ, ಹಾಕಿಸ್ಕೊಂಡ್ರೆ ಒಳ್ಳೇದು" ಎಂದಿದ್ದರು. ಆ ಮಾತು ಕೇಳಿದ್ದೇ ನನ್ನ ಎದೆ ಮತ್ತೆ ಏಣಿಯ ಮೇಲೆ ನಿಂತಂತಾಯಿತು. ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡ ಇವಳಿಗೆ ಆ ಉಸಿರುಗಟ್ಟುವಿಕೆ ಬರಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ರಾತ್ರಿ ಊಟಕ್ಕೆ ಕುಳಿತಾಗ ಮಾತು ತೆಗೆದೆ. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. "ಬಸುರಿ ಹೆಂಗಸಿಗೆ ಹೊಸ ಸೂಜಿಯಾ? ಹಾಕಿಸಿ ಮಗೂಗೆ ಏನಾದ್ರೂ ಆದ್ರೆ ಬೀಗರಿಗೆ ಏನಂತ ಉತ್ತರ ಕೊಡ್ಲಿ?" ಹಾಕಿಸದೆ ಆದರೆ ಎಂದು ಕೇಳಿದೆ. "ಹಂಗಾದ್ರೆ ಅದು ಶಿವನಿಚ್ಛೆ" ಎಂದರು. ಅವರ ಲೆಕ್ಕ ನನಗೆ ಅರ್ಥವಾಗದೆ ಇರಲಿಲ್ಲ. ನಾವೇ ಕೈಯಾರೆ ಮಾಡಿದ್ದು ಕೆಟ್ಟರೆ ಹೊರಬೇಕಾದವರು ನಾವು. ಸುಮ್ಮನಿದ್ದು ಕೆಟ್ಟರೆ ಹೊರಲು ದೇವರಿದ್ದಾನೆ.

ಆಗ ನಾನು ವಾಣಿಯ ಕಡೆ ತಿರುಗಿ, "ನಂಗೆ ಹೋದ ವರ್ಷ ಬಂದಿದ್ದು ಅದೇ ಕಣೆ. ಹೆಂಗಿರುತ್ತೆ ಅಂತ ನಂಗೊತ್ತು. ದಯವಿಟ್ಟು ಹಾಕಿಸ್ಕೋ" ಎಂದೆ.

ಅತ್ತೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ನಿಂಗೆ ಬಂದಿದ್ದು ಟೈಫಾಯ್ಡ್ ಅಲ್ವೇನಮ್ಮ?"

ಅವರು ಮುಚ್ಚಿಡಲು ಹಾಗೆ ಅನ್ನಲಿಲ್ಲ. ಅವರ ಕಣ್ಣು ನೋಡಿದಾಗ ನನಗೆ ಗೊತ್ತಾಯಿತು. ವರ್ಷವಿಡೀ ಬೀದಿಗೆಲ್ಲ ಹೇಳಿ ಹೇಳಿ ಅವರು ಅದನ್ನೇ ನಂಬಿಬಿಟ್ಟಿದ್ದರು.

"ನೀವಾದ್ರೂ ಹೇಳ್ರೀ" ಎಂದು ಯಜಮಾನರ ಮುಖ ನೋಡಿದೆ. ಅವರು ಮಜ್ಜಿಗೆ ಸುರಿದುಕೊಳ್ಳುತ್ತಾ, "ಡಾಕ್ಟ್ರು ಏನೋ ಒಂದು ಹೆಸರು ಹೇಳಿದ್ರಪ್ಪ. ಈಗ ಯಾಕೆ ಅದೆಲ್ಲ" ಎಂದರು. ಕಿಟಕಿಯ ಕೆಳಗೆ ದಿನಾ ಹಾರ್ನ್ ಬಾರಿಸಿದ ಮನುಷ್ಯ! ಅಮ್ಮನ ಎದುರಿಗೆ ಮಾತ್ರ ಅವರ ಬಾಯಿ ಏಳುವುದಿಲ್ಲ.

ವಾಣಿಗೆ ನೋವಾಗಿತ್ತು. "ಆಗ ಟೈಫಾಯ್ಡ್ ಅಂದ್ರಿ, ಈಗ ಇದು ಅಂತೀರಿ. ನಾನು ಯಾವ್ದನ್ನ ನಂಬ್ಲಿ ಅತ್ತಿಗೆ?" ಎಂದು ಎದ್ದು ಕೈತೊಳೆಯಲು ಹೋದಳು. ಅತ್ತೆ ನನಗೆ ಸಮಾಧಾನ ಹೇಳುವಂತೆ, "ಅದೇ ಬಂದಿತ್ತು ಅಂತಾನೇ ಇಟ್ಕೊ. ಸೂಜಿ ಇಲ್ದೇನೇ ಎದ್ದು ಕೂತಿಲ್ವಾ ನೀನು? ನಮ್ಮನೆ ಅನ್ನ ಉಂಡ ಮೈ ಗಟ್ಟಿ" ಎಂದರು. ನಾನು ಬದುಕಿ ಬಂದದ್ದೇ ಲಸಿಕೆ ಬೇಡ ಎನ್ನುವುದಕ್ಕೆ ಸಾಕ್ಷಿಯಾಯಿತು. ಅದಕ್ಕಿಂತ ದೊಡ್ಡ ಸಂಕಟ ನನಗೆ ವಾರ್ಡಿನಲ್ಲೂ ಆಗಿರಲಿಲ್ಲ.

ಕೊನೆಗೆ ಒಪ್ಪಿಸಿದ್ದು ಮಂಜುನಾಥ. ಫೋನಿನಲ್ಲಿ, "ಡಾಕ್ಟ್ರು ಹೇಳಿದ್ಮೇಲೆ ನಮ್ದೇನು ತಕರಾರು? ಹಾಕ್ಸಿ" ಎಂದರಂತೆ. ಅಳಿಯಂದಿರ ಮಾತಿಗೆ ಅತ್ತೆ ಎದುರಾಡುವವರಲ್ಲ. ಅತ್ತೆ, ವಾಣಿ, ನಾನು ಮೂವರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ದಾರಿಯಲ್ಲಿ ವಾಣಿ ನನ್ನ ಭುಜಕ್ಕೆ ಒರಗಿಕೊಂಡು ನಿದ್ದೆ ಹೋದಳು. ಮುನಿಸು ಕರಗಿತು ಎಂದು ನನ್ನ ಮನಸ್ಸು ಹಗುರವಾಗಿತ್ತು.

ನರ್ಸಿಂಗ್ ಹೋಮಿನ ಹಾಲಿನಲ್ಲಿ ಐದಾರು ಜನ ಬಸುರಿಯರು ತಾಯಂದಿರ ಜೊತೆ ಕುಳಿತಿದ್ದರು. ಎಲ್ಲರೂ ಲಸಿಕೆಗೇ ಬಂದವರು, ಆದರೆ ಮೊದಲು ಹೋಗಲು ಯಾರೂ ತಯಾರಿಲ್ಲ. "ನೀವು ಹೋಗಿ ಬನ್ನಿ, ನಾವು ಆಮೇಲೆ" ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು. ವಾಣಿಯೇ ಎದ್ದಳು. ಹಾಲಿನ ಮೂಲೆಯಲ್ಲೇ ಪರದೆ ಸರಿಸಿದ ಜಾಗದಲ್ಲಿ ಕುರ್ಚಿ. ಅವಳು ರವಿಕೆಯ ತೋಳು ಮೇಲೆತ್ತಿ ಕುಳಿತಳು. ನರ್ಸು ಹತ್ತಿ ಒದ್ದೆ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಮೊಟ್ಟೆ ತಿಂದ್ರೆ ನಿಮಗೆ ಅಲರ್ಜಿ ಆಗುತ್ತಾ?"

"ನಾವು ಮೊಟ್ಟೆ ತಿನ್ನಲ್ಲ" ಎಂದಳು ವಾಣಿ.

"ಒಂದ್ಸಲಾನೂ ತಿಂದಿಲ್ವಾ? ಹಂಗಾದ್ರೆ ಆಗುತ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ?"

"ಅದ್ಯಾಕೆ ಕೇಳ್ತೀರಿ?"

"ಈ ಔಷಧಿ ಕೋಳಿಮೊಟ್ಟೆ ಒಳಗೆ ಬೆಳೆಸೋದು. ಅದಕ್ಕೇ ಎಲ್ಲರನ್ನೂ ಕೇಳ್ಬೇಕು."

ಅತ್ತೆಯ ಕೈ ತಾನಾಗಿಯೇ ಸೆರಗಿನೊಳಗೆ ಹೋಗಿ ಲಿಂಗವನ್ನು ಹಿಡಿದುಕೊಂಡಿತು. ವಾಣಿ ತಾಯಿಯ ಮುಖ ನೋಡಿದಳು, ಮೇಲೆತ್ತಿದ್ದ ತೋಳನ್ನು ಮೆಲ್ಲಗೆ ಇಳಿಸಿಕೊಂಡಳು, ಎದ್ದುಬಿಟ್ಟಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಡಾಕ್ಟರು ಒಳಗಿನಿಂದ ಓಡಿಬಂದು, ಮೊಟ್ಟೆಯ ಅಂಶ ಇದ್ದರೂ ಇಲ್ಲದಷ್ಟು, ಹಾಕಿಸಿಕೊಂಡು ಅರ್ಧ ಗಂಟೆ ಇಲ್ಲೇ ಕೂತಿರಿ, ನಾನು ನೋಡಿಕೊಳ್ಳುತ್ತೇನೆ ಎಂದು ಎಷ್ಟೋ ಬಿಡಿಸಿ ಹೇಳಿದರು. ನಾನು ವಾಣಿಯ ಕೈ ಹಿಡಿದು, "ಕೂತ್ಕೋ ಮಾರಾಯ್ತಿ, ಶಿವ ಇದಕ್ಕೆಲ್ಲ ಮುನಿಸ್ಕೊಳ್ಳಲ್ಲ" ಎಂದೆ. ಅವಳು ಕೈ ಬಿಡಿಸಿಕೊಂಡಳು. "ನೀವು ಮೊದ್ಲೇ ಇದನ್ನೂ ಹೇಳ್ಲಿಲ್ಲ ಅತ್ತಿಗೆ" ಎಂದಳು. ನನಗೆ ಗೊತ್ತೇ ಇರಲಿಲ್ಲ. ಅದನ್ನು ಅವಳು ನಂಬಲಿಲ್ಲ. ನಂಬುವುದಕ್ಕೆ ನಾವು ಅವಳಿಗೆ ಕಾರಣ ಉಳಿಸಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಒರಗಿಕೊಂಡಳು. ಅತ್ತೆ ಬಾಳೆಹಣ್ಣು ಸುಲಿದು ಕೊಟ್ಟರು.

ಸೀಮಂತಕ್ಕೆ ನಮ್ಮ ಮನೆ ತುಂಬ ಜನ. ಹಸಿರು ಬಳೆ, ಹೊಸ ಸೀರೆ, ಹಾಡು, ಆರತಿ. ಬಂದವರೆಲ್ಲ ಅವಳ ಕೆನ್ನೆ ಮುಟ್ಟಿ ಹರಸಿದರು, ತಿಂಡಿ ತಿನ್ನಿಸಿದರು. ಯಾರ ಕೆಮ್ಮು, ಯಾರ ಕೈ ಎಂದು ಹೇಳುವುದು? ಆ ವಾರ ಕಳೆಯುವುದರೊಳಗೆ ವಾಣಿಗೆ ಜ್ವರ ಬಂತು. ಬಿಸಿನೀರು, ಕಷಾಯ ಎಂದು ಅತ್ತೆ ಓಡಾಡಿದರು. ಒಂದು ಬೆಳಿಗ್ಗೆ ಅವಳು ಗೋಡೆ ಹಿಡಿದು ನಿಂತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದುದನ್ನು ನೋಡಿದೆ. ನನಗೆ ಇನ್ನು ಯಾವ ರಿಪೋರ್ಟೂ ಬೇಕಾಗಿರಲಿಲ್ಲ.

ಅದೇ ದೊಡ್ಡಾಸ್ಪತ್ರೆ, ಅದೇ ವಾರ್ಡು. ಈ ಸಲ ನನ್ನನ್ನು ಒಳಗೆ ಬಿಟ್ಟರು. ಒಮ್ಮೆ ಬಂದು ಹೋಗಿದೆ, ಪರವಾಗಿಲ್ಲ ಎಂದರು ಡಾಕ್ಟರು. ಎಷ್ಟೋ ಹೊತ್ತು ವಾಣಿಯ ಬೆನ್ನಿಗೆ ಕೈಕೊಟ್ಟು ಕುಳಿತೆ. "ಎಳೀಬೇಡ, ಬಿಡು. ಬಿಟ್ರೆ ತಾನಾಗೇ ಬರುತ್ತೆ" ಎಂದು ಸೆಲ್ವಿಯಮ್ಮನ ಮಾತನ್ನೇ ಅವಳಿಗೆ ಹೇಳುತ್ತಿದ್ದೆ.

ಮಾಸ್ಕಿನ ಒಳಗಿಂದ ಅವಳು ಕೇಳಿದಳು, "ಅತ್ತಿಗೆ, ನಿಮಗೂ ಹಿಂಗೇ ಆಗಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ನಾನು ಅವಳ ಹಣೆಯ ಬೆವರು ಒರೆಸಿದೆ.

ಏಳು ತಿಂಗಳು ತುಂಬುವ ಮೊದಲೇ ಮಗು ಹುಟ್ಟಿತು. ಹೆಣ್ಣು. ಅಳಲಿಲ್ಲ. ಮಂಜುನಾಥ ಟವೆಲಿನಲ್ಲಿ ಸುತ್ತಿಕೊಂಡು ಹೊಳೆಹೊನ್ನೂರಿಗೆ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ವಾಣಿ ಉಳಿದಳು. ಅವಳು ಉಳಿದದ್ದೇ ಹೆಚ್ಚು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಎದೆಯಲ್ಲಿ ಹಾಲು ಕಟ್ಟಿ ನರಳುವವಳ ಪಕ್ಕ ಕುಳಿತು ಆ ಮಾತು ಹೇಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಅವಳು ಮನೆಗೆ ಬಂದ ದಿನ ಸರೋಜಕ್ಕ ಮೊಸರಿನ ಬಟ್ಟಲು ಹಿಡಿದು ಹೊಸಿಲಿಗೆ ಬಂದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ, "ಏನಾಯ್ತು ಪಾರ್ವತಮ್ಮ? ಚೆನ್ನಾಗೇ ಇತ್ತಲ್ಲ ಹುಡುಗಿ?" ಎಂದರು.

ಅತ್ತೆ ನೆಲ ನೋಡುತ್ತಾ, "ಬಚ್ಚಲಲ್ಲಿ ಜಾರಿ ಬಿದ್ಲು" ಎಂದರು.

"ಇಲ್ಲ." ಒಳಗಿನ ಕೋಣೆಯಿಂದ ವಾಣಿಯ ದನಿ ಬಂತು. ಅವಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. "ನಾನು ಬಿದ್ದಿಲ್ಲ ಸರೋಜಕ್ಕ. ನಂಗೆ ಹಂದಿ ಜ್ವರ ಬಂದಿತ್ತು. ಹೋದ ವರ್ಷ ಅತ್ತಿಗೆಗೆ ಬಂದಿದ್ದೂ ಅದೇ."

ಸರೋಜಕ್ಕ ಕಣ್ಣೊರೆಸುತ್ತಿದ್ದ ಸೆರಗನ್ನೇ ಮೂಗಿಗೆ ಹಿಡಿದುಕೊಂಡರು. ಒಲೆ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೊರಟವರು, ಮೊಸರಿನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅಂಗಡಿಗೆ ಜನ ಬರುವುದು ನಿಂತಿತು. ಯಜಮಾನರು ಖಾಲಿ ಅಂಗಡಿಯಲ್ಲಿ ಕುಳಿತು ಒಂದೇ ಕೊಳಗವನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಅತ್ತೆ ಮಗಳಿಗೆ ಬೈಯಲಿಲ್ಲ. ಪೂಜೆಗೆ ಕುಳಿತರೆ ಏಳುವುದನ್ನೇ ಮರೆಯುತ್ತಿದ್ದರು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ತೆಗೆದರೆ ಸರೋಜಕ್ಕನ ಸೊಸೆ ಸುಮಾ. ಅವಳಿಗೂ ತಿಂಗಳು ತುಂಬುತ್ತಿತ್ತು. ತನ್ನ ಅತ್ತೆ ಮಲಗಿರುವುದನ್ನು ನೋಡಿ ಕದ್ದು ಬಂದಿದ್ದಳು. ಬಾಗಿಲಿನಿಂದ ಒಳಗೆ ಕಾಲಿಡದೆ, "ಗಿರಿಜಕ್ಕ, ಆ ಸೂಜಿ ಎಲ್ಲಿ ಹಾಕ್ತಾರೆ?" ಎಂದು ಪಿಸುಗುಟ್ಟಿದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಮ್ಮ ಅತ್ತೆ ಬಂದರು. ಒಗೆಯುವ ಕಲ್ಲಿನ ಹತ್ತಿರ ನಿಂತು, ಸವಳಂಗ ರಸ್ತೆಯಲ್ಲಿ ಎಲ್ಲಿ ಇಳಿಯಬೇಕು, ಯಾವ ಗೇಟಿನಲ್ಲಿ ಹೋಗಬೇಕು ಎಂದು ಅವಳಿಗೆ ತಿಳಿಸಿ ಹೇಳಿದರು. ಸುಮಾ ತಲೆಯಾಡಿಸಿ ತಿರುಗಿದಳು. ಅತ್ತೆ ಅವಳನ್ನು ಮತ್ತೆ ಕರೆದರು. ಅವರ ಒಂದು ಕೈ ಸೆರಗಿನೊಳಗೆ ಲಿಂಗದ ಮೇಲಿತ್ತು.

"ಅಲ್ಲಿ ಮೊಟ್ಟೆ ವಿಚಾರ ಕೇಳ್ತಾರೆ ಕಣಮ್ಮ" ಎಂದರು. "ಕೇಳಿದ್ರೆ ಎದ್ದು ಬರ್ಬೇಡ. ಕೂತಿರು."